ಮೂರ್ಛೆಯ ಮಾತ್ರೆ, ಕೊರಳಿನ ರಕ್ತನಾಳ: ಸಂಶೋಧನೆ ಹೇಳುವುದೆಷ್ಟು, ನಾವು ಮಾಡಬೇಕಾದದ್ದೇನು?

ಫಿನೋಬಾರ್ಬಿಟೋನ್ ಎಂದರೆ ಗುರುತು ಹತ್ತುವವರು ಕಡಿಮೆ. ಗಾರ್ಡೆನಾಲ್ ಎಂದರೆ, ಮನೆಯಲ್ಲಿ ಫಿಟ್ಸ್ ಇರುವವರನ್ನು ನೋಡಿಕೊಂಡ ಹೆಚ್ಚಿನವರಿಗೆ ತಿಳಿಯುತ್ತದೆ. ರಾತ್ರಿ ಊಟವಾದ ಮೇಲೆ ನುಂಗುವ ಈ ಚಿಕ್ಕ ಮಾತ್ರೆ ಬಾರ್ಬಿಚುರೇಟ್ ಎಂಬ ನಿದ್ರಾಜನಕ ಔಷಧಗಳ ಗುಂಪಿಗೆ ಸೇರಿದ್ದು. ಇದಕ್ಕೂ ಕೊರಳಿನ ರಕ್ತನಾಳ ಕಿರಿದಾಗುವುದಕ್ಕೂ ನಂಟಿದೆ ಎಂಬ ಮಾತು ಸಂಶೋಧನೆಯ ಹೆಸರಿನಲ್ಲಿ ಓದಲು ಸಿಗುತ್ತದೆ. ಕೊರಳಿನ ನಾಳ ಕಟ್ಟಿದರೆ ಲಕ್ವ ಹೊಡೆಯುತ್ತದೆ ಎಂಬುದನ್ನು ನಮ್ಮ ಜನ ಕೇಳಿಯೇ ಇರುತ್ತಾರೆ. ಇಂಥ ಎರಡು ಸಾಲು ಮೊಬೈಲಿನಲ್ಲಿ ಕಂಡ ಮಗನೋ ಮಗಳೋ ಗಾಬರಿಯಾಗಿ ಅಪ್ಪನ ಮಾತ್ರೆಯನ್ನು ಆ ರಾತ್ರಿಯೇ ನಿಲ್ಲಿಸಿಬಿಡಬಹುದು. ಹಾಗಾಗಬಾರದೆಂಬ ಕಳವಳದಿಂದಲೇ ಇದನ್ನು ಬರೆಯುತ್ತಿದ್ದೇನೆ. ಸಂಶಯಕ್ಕೆ ಬುಡವೇ ಇಲ್ಲ ಎನ್ನುವಂತಿಲ್ಲ. ಆದರೆ ಈ ಮಾತ್ರೆಯ ಮೇಲಿನ ಸಾಕ್ಷ್ಯ ತೆಳುವಾಗಿದೆ. ಅದನ್ನು ದಿಢೀರನೆ ಬಿಡುವುದರಿಂದ ಬರುವ ಅಪಾಯಕ್ಕಂತೂ ಸಾಕ್ಷ್ಯ ಹುಡುಕಬೇಕಾಗಿಲ್ಲ.

ಕೊರಳಿನ ಎರಡೂ ಬದಿಯಲ್ಲಿ ಬೆರಳಿಟ್ಟರೆ ನಾಡಿ ಹೊಡೆದುಕೊಳ್ಳುವುದು ಗೊತ್ತಾಗುತ್ತದೆ. ಅದೇ ಕೆರೋಟಿಡ್ ಅಪಧಮನಿ. ಮಿದುಳಿಗೆ ಹೋಗುವ ರಕ್ತದ ದೊಡ್ಡ ಪಾಲು ಇವೆರಡರ ಮೂಲಕವೇ ಸಾಗುತ್ತದೆ. ದವಡೆಯ ಕೆಳಗೆ ಈ ನಾಳ ಕವಲೊಡೆಯುವ ಜಾಗದಲ್ಲಿ ವರ್ಷಗಟ್ಟಲೆ ಕೊಬ್ಬು, ಕೊಲೆಸ್ಟರಾಲ್, ಸುಣ್ಣದಂಶ ಕೂಡಿಕೊಂಡು ಗೋಡೆ ದಪ್ಪವಾಗುತ್ತದೆ. ಅದು ಬಹಳ ಬೆಳೆದರೆ ಹಾದಿ ಇಕ್ಕಟ್ಟಾಗುತ್ತದೆ. ಅಲ್ಲಿಂದ ಚೂರೊಂದು ಕಳಚಿ ಮಿದುಳಿನ ಸಣ್ಣ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು.

ಗೋಡೆ ದಪ್ಪವಾಗುವುದು ಮತ್ತು ನಾಳ ಕಿರಿದಾಗುವುದು ಎರಡು ಬೇರೆ ಹಂತಗಳು ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಮೂರ್ಛೆಯ ಔಷಧಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಅಳೆದದ್ದು ಗೋಡೆಯ ದಪ್ಪವನ್ನು. ಅದರ ವ್ಯತ್ಯಾಸವನ್ನು ಮಿಲಿಮೀಟರಿನ ಸಣ್ಣ ಭಾಗಗಳಲ್ಲಿ ಹೇಳುತ್ತಾರೆ. ಶಸ್ತ್ರಚಿಕಿತ್ಸೆಯ ಮಾತು ಬರುವ ಮಟ್ಟದ ಕಿರಿದಾಗುವಿಕೆಯೇ ಬೇರೆ. ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಆಗಲೇ ಪಾರ್ಶ್ವವಾಯುವಿನ ಲಕ್ಷಣ ಕಂಡಿದ್ದು ನಾಳ ಶೇ 70ಕ್ಕಿಂತ ಹೆಚ್ಚು ಕಟ್ಟಿದ್ದವರಿಗೆ ಮಾತ್ರೆಗಳನ್ನಷ್ಟೇ ಕೊಟ್ಟಾಗ, ಎರಡು ವರ್ಷದೊಳಗೆ ಅದೇ ಬದಿಯಲ್ಲಿ ಶೇ 26ರಷ್ಟು ಮಂದಿಗೆ ಮತ್ತೆ ಪಾರ್ಶ್ವವಾಯು ಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅದು ಶೇ 9. ಅಂಥ ನಾಳಕ್ಕೂ ಗೋಡೆ ತುಸು ದಪ್ಪಗಾದ ನಾಳಕ್ಕೂ ಬಹಳ ಅಂತರವಿದೆ. ಶೀರ್ಷಿಕೆಗಳು ಈ ಅಂತರವನ್ನು ನುಂಗಿಬಿಡುತ್ತವೆ.

ಇನ್ನು ‘ನಂಟು’ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ. ಇಂಥ ಸುದ್ದಿಗಳ ಒಂದು ದೊಡ್ಡ ಮೂಲ ಅಡ್ಡಪರಿಣಾಮಗಳ ದೂರುಗಳ ಸಂಗ್ರಹ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಂಥದೊಂದು ದೊಡ್ಡ ಸಂಗ್ರಹವನ್ನು ಇಟ್ಟುಕೊಂಡಿದೆ. ವೈದ್ಯರು, ಕಂಪನಿಗಳು, ರೋಗಿಗಳು, ಯಾರು ಬೇಕಾದರೂ ಅಲ್ಲಿಗೆ ವರದಿ ಕಳಿಸಬಹುದು. ನಮ್ಮಲ್ಲಿಯೂ 2010ರಿಂದ ಇಂಥ ವ್ಯವಸ್ಥೆ ಇದೆ. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದನ್ನು ನೋಡಿಕೊಳ್ಳುತ್ತದೆ, 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ಯಾರಾದರೂ ಅಡ್ಡಪರಿಣಾಮವನ್ನು ತಿಳಿಸಬಹುದು. ಈ ಸಂಗ್ರಹಗಳು ಬೇಕು. ಹೊಸ ಅಪಾಯದ ಮೊದಲ ಸುಳಿವು ಸಿಗುವುದು ಎಷ್ಟೋ ಸಲ ಇಲ್ಲಿಯೇ. ಆದರೆ ಒಂದು ಮಾತ್ರೆಯನ್ನು ಒಟ್ಟು ಎಷ್ಟು ಜನ ನುಂಗುತ್ತಿದ್ದಾರೆ, ಅವರಲ್ಲಿ ಎಷ್ಟು ಜನರಿಗೆ ಏನೂ ಆಗಿಲ್ಲ ಎಂಬುದು ಇವುಗಳಲ್ಲಿ ಇರುವುದಿಲ್ಲ. ವರದಿಯಾದ ರೋಗಿಗೆ ಸಕ್ಕರೆ ಕಾಯಿಲೆ ಇತ್ತೇ, ಬೀಡಿ ಸೇದುತ್ತಿದ್ದರೇ, ಬೇರೆ ಯಾವ ಮಾತ್ರೆಗಳಿದ್ದವು ಎಂಬುದೂ ಹಲವು ಸಲ ಅರ್ಧಂಬರ್ಧ. ಆದ್ದರಿಂದ ‘ಈ ಮಾತ್ರೆ ತೆಗೆದುಕೊಳ್ಳುವ ಇಂತಿಷ್ಟು ಜನರಲ್ಲಿ ಕೊರಳಿನ ನಾಳ ಕಿರಿದಾದ ವರದಿ ಬಂದಿದೆ’ ಎಂಬ ವಾಕ್ಯದಿಂದ ಮಾತ್ರೆಯೇ ಕಾರಣ ಎಂಬ ತೀರ್ಮಾನ ಹೊರಡುವುದಿಲ್ಲ.

ಫಿಟ್ಸ್ ಔಷಧದ ವಿಷಯದಲ್ಲಂತೂ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತಲೆಕೆಳಗಾಗುವ ಸಂಭವ ಹೆಚ್ಚು. ಅರವತ್ತು ದಾಟಿದವರಿಗೆ ಹೊಸದಾಗಿ ಫಿಟ್ಸ್ ಬಂದರೆ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಮಿದುಳಿನ ರಕ್ತನಾಳಗಳ ತೊಂದರೆ. ಕೆಲವರಲ್ಲಿ ಪಾರ್ಶ್ವವಾಯುವಿಗಿಂತ ಮೊದಲೇ ಫಿಟ್ಸ್ ಕಾಣಿಸಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂದವರನ್ನು ಅದೇ ವಯಸ್ಸಿನ ಉಳಿದವರೊಂದಿಗೆ ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಪಾರ್ಶ್ವವಾಯು ಬರುವ ಸಂಭವ ಅವರಿಗೆ ಸುಮಾರು ಮೂರು ಪಟ್ಟು ಇತ್ತು. ಅಂದರೆ ಎಷ್ಟೋ ರೋಗಿಗಳಲ್ಲಿ ಮೊದಲು ಕೆಟ್ಟದ್ದು ರಕ್ತನಾಳ, ಅದರಿಂದ ಬಂದದ್ದು ಫಿಟ್ಸ್, ಅದಕ್ಕಾಗಿ ಕೊಟ್ಟದ್ದು ಮಾತ್ರೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ನಾಳ ಕಿರಿದಾದದ್ದು ಕಂಡು ಮಾತ್ರೆಯನ್ನು ದೂರುತ್ತೇವೆ.

ಇಷ್ಟು ಹೇಳಿ ಮಾತ್ರೆಗೆ ನಿರ್ದೋಷಿಯ ಪಟ್ಟ ಕಟ್ಟಿಬಿಡುವುದೂ ಸರಿಯಲ್ಲ. ಫಿನೋಬಾರ್ಬಿಟೋನ್, ಫಿನೈಟೋಯಿನ್, ಕಾರ್ಬಮಾಜೆಪಿನ್ ಈ ಮೂರು ಹಳೆಯ ಔಷಧಗಳಿಗೆ ಒಂದು ಸಮಾನ ಗುಣವಿದೆ. ಔಷಧಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಇವು ಚುರುಕುಗೊಳಿಸುತ್ತವೆ. ಅದೇ ಕಿಣ್ವಗಳ ಬಳಗದಲ್ಲಿ ಕೊಲೆಸ್ಟರಾಲ್ ತಯಾರಿಕೆಗೆ ಬೇಕಾದದ್ದೂ ಇದೆ. ಈ ಗುಂಪಿನ ಔಷಧಗಳಿಂದ ರಕ್ತದಲ್ಲಿ ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ಇಳಿದು, ಹೋಮೋಸಿಸ್ಟೀನ್ ಎಂಬ ಅಂಶ ಏರುವುದೂ ಕಂಡಿದೆ. ಹೋಮೋಸಿಸ್ಟೀನ್ ಹೆಚ್ಚಿರುವವರಲ್ಲಿ ರಕ್ತನಾಳದ ಕಾಯಿಲೆ ಹೆಚ್ಚು. ಹಾಗಾಗಿ ನಂಟು ಇರಬಹುದಾದ ದಾರಿ ಶರೀರಶಾಸ್ತ್ರದ ದೃಷ್ಟಿಯಿಂದ ಅಸಂಗತವಲ್ಲ.

ತೈವಾನಿನ ವೈದ್ಯರು 2009ರಲ್ಲಿ 195 ಮೂರ್ಛೆ ರೋಗಿಗಳ ಕೊರಳಿನ ನಾಳಗಳನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತರ ನಾಳಗಳೊಂದಿಗೆ ಹೋಲಿಸಿದರು. ರೋಗಿಗಳಲ್ಲಿ ಗೋಡೆ ದಪ್ಪವಾಗಿತ್ತು, ಔಷಧ ತೆಗೆದುಕೊಂಡ ವರ್ಷಗಳು ಹೆಚ್ಚಿದಷ್ಟೂ ದಪ್ಪ ಹೆಚ್ಚಿತ್ತು. 2012ರಲ್ಲಿ ತೈವಾನಿನಿಂದಲೇ ಬಂದ ಇನ್ನೊಂದು ಅಧ್ಯಯನ ಔಷಧಗಳನ್ನು ಬೇರೆಬೇರೆಯಾಗಿ ನೋಡಿತು. ಕಾರ್ಬಮಾಜೆಪಿನ್, ಫಿನೈಟೋಯಿನ್, ವಾಲ್ಪ್ರೋಯೇಟ್ ತೆಗೆದುಕೊಳ್ಳುವವರಲ್ಲಿ ತೊಂದರೆಯ ಗುರುತು ಕಂಡಿತು, ಲ್ಯಾಮೊಟ್ರಿಜಿನ್‌ನವರಲ್ಲಿ ಕಾಣಲಿಲ್ಲ. ಫಿನೋಬಾರ್ಬಿಟೋನ್ ಆ ಹೋಲಿಕೆಯಲ್ಲಿ ಇರಲೇ ಇಲ್ಲ! ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ ಫಿನೈಟೋಯಿನ್ ಅಥವಾ ಕಾರ್ಬಮಾಜೆಪಿನ್‌ನಿಂದ ಹೊಸ ಔಷಧಗಳಿಗೆ ಬದಲಾದವರ ಕೊಲೆಸ್ಟರಾಲ್ ಆರೇ ವಾರದಲ್ಲಿ ಇಳಿದಿತ್ತು. ಅಲ್ಲಿಯೂ ನಮ್ಮ ಗಾರ್ಡೆನಾಲ್ ಇಲ್ಲ. ಅದರ ಮೇಲೆ ಬಂದಿರುವ ಆರೋಪದ ಬಹುಪಾಲು ಸೋದರ ಔಷಧಗಳ ಮೇಲಿನ ಸಾಕ್ಷ್ಯದಿಂದ ಎರವಲು ತಂದದ್ದು.

ಈವರೆಗೆ ನಡೆದ ದೊಡ್ಡ ಅಧ್ಯಯನಗಳಲ್ಲೊಂದು 2021ರದು. ಇಂಗ್ಲೆಂಡಿನ ಸಾಮಾನ್ಯ ವೈದ್ಯರಲ್ಲಿದ್ದ ಮೂರ್ಛೆ ರೋಗಿಗಳ ದಾಖಲೆಗಳನ್ನು ಜಾಲಾಡಿ, ಕಿಣ್ವ ಚುರುಕುಗೊಳಿಸುವ ಔಷಧ ಪಡೆದವರನ್ನು ಉಳಿದ ಔಷಧ ಪಡೆದವರೊಂದಿಗೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಂಭವ ಸುಮಾರು ಶೇ 21 ಹೆಚ್ಚು. ಕೇಳಿದರೆ ಎದೆ ಧಸಕ್ಕೆನ್ನುವ ಸಂಖ್ಯೆ. ಆದರೆ ಅದೇ ಅಧ್ಯಯನದಲ್ಲಿ, ಹತ್ತು ವರ್ಷ ಕಳೆದ ಮೇಲೆ ಎರಡು ಗುಂಪುಗಳ ನಡುವೆ ನಿಜವಾಗಿ ಕಂಡ ಅಂತರ ಶೇ 1ರ ಆಸುಪಾಸು. ನೂರು ಜನ ಹತ್ತು ವರ್ಷ ಈ ಔಷಧಗಳನ್ನು ತೆಗೆದುಕೊಂಡರೆ ಹೆಚ್ಚುವರಿಯಾಗಿ ಒಬ್ಬರಿಗೆ ತೊಂದರೆ, ಅಷ್ಟು. ಚಿಕ್ಕ ವಯಸ್ಸಿನಲ್ಲೇ ಔಷಧ ಶುರುವಾಗಿ ನಲವತ್ತು ವರ್ಷ ನುಂಗಬೇಕಾದವರ ಪಾಲಿಗೆ ಇದು ಅಲ್ಲಗಳೆಯುವ ಸಂಗತಿಯಲ್ಲ, ಆದರೆ ನಾಳೆ ಬೆಳಿಗ್ಗೆಯೇ ಮಾತ್ರೆ ಎಸೆಯುವುದಕ್ಕೆ ಕಾರಣವೂ ಅಲ್ಲ. ವಿರುದ್ಧ ದಿಕ್ಕಿನ ಸಾಕ್ಷ್ಯವೂ ಇದೆ ಎಂಬುದನ್ನು ಮುಚ್ಚಿಡಬಾರದು. ಫಿನ್ಲೆಂಡಿನ ಸಂಶೋಧಕರು 1985ರಲ್ಲಿ, ಫಿಟ್ಸ್ ಔಷಧ ತೆಗೆದುಕೊಳ್ಳುವವರಲ್ಲಿ ಹೃದಯಾಘಾತದ ಸಾವು ಕಡಿಮೆ ಎಂದು ಬರೆದಿದ್ದರು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕೂಡ ಈ ಔಷಧಗಳಿಂದ ಏರುತ್ತದೆ ಎಂಬುದು ಆಗಲೇ ಗೊತ್ತಿತ್ತು. ಚಿತ್ರ ಇನ್ನೂ ಪೂರ್ತಿಯಾಗಿಲ್ಲ.

ಈ ಮಾತ್ರೆಗೆ ಶತಮಾನ ದಾಟಿದೆ. 1912ರಲ್ಲಿ ಜರ್ಮನಿಯಲ್ಲಿ ಲುಮಿನಾಲ್ ಎಂಬ ಹೆಸರಿನಲ್ಲಿ ನಿದ್ದೆಯ ಔಷಧವಾಗಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯ, ರೋಗಿಗಳು ನಿದ್ದೆ ಮಾಡಲೆಂದು ಕೊಟ್ಟ ಈ ಔಷಧದಿಂದ ಅವರ ಫಿಟ್ಸ್ ಕೂಡ ಕಡಿಮೆಯಾದದ್ದನ್ನು ಗಮನಿಸಿ ಬರೆದರು. ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಇದೆ. ನಮ್ಮದೇ ರಾಜ್ಯದ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಗಳ ಮೂರ್ಛೆ ರೋಗಿಗಳಿಗೆ ಫಿನೋಬಾರ್ಬಿಟೋನ್ ಅಥವಾ ಫಿನೈಟೋಯಿನ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಅಗ್ಗದ ಈ ಔಷಧಗಳಿಂದಲೇ ಹಳ್ಳಿಯಲ್ಲೂ ಮೂರ್ಛೆಯನ್ನು ಹತೋಟಿಯಲ್ಲಿಡಬಹುದು ಎಂದು ತೋರಿಸಿದ ಆ ಕೆಲಸ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕನ್ನಡದ ನೆಲದಲ್ಲಿ ನಡೆದ ಇಷ್ಟು ಉಪಯುಕ್ತ ಕೆಲಸವನ್ನು ನಾವು ಹೆಚ್ಚು ನೆನೆಯುವುದಿಲ್ಲ ಎಂಬ ಬೇಸರ ನನಗಿದೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12, ನಗರದಲ್ಲಿ ಸುಮಾರು 6 ಜನರಿಗೆ ಮೂರ್ಛೆ ರೋಗವಿತ್ತು. ಹಳ್ಳಿಯವರಿಗೆ ದುಪ್ಪಟ್ಟು ರೋಗ, ಆದರೆ ನರರೋಗ ತಜ್ಞರಿರುವುದು ನಗರದಲ್ಲಿ.

ಮಾತ್ರೆ ಬಿಟ್ಟರೆ ಏನಾಗುತ್ತದೆ? ಫಿನೋಬಾರ್ಬಿಟೋನ್ ದೇಹದಿಂದ ಬಹಳ ನಿಧಾನವಾಗಿ ಇಳಿಯುತ್ತದೆ. ನುಂಗಿದ್ದರಲ್ಲಿ ಅರ್ಧ ಕರಗಲು ದೊಡ್ಡವರಲ್ಲಿ ಮೂರು ನಾಲ್ಕು ದಿನ ಬೇಕಾಗುತ್ತದೆ. ಈ ಗುಣದಿಂದಾಗಿಯೇ ದಿನಕ್ಕೊಂದೇ ಹೊತ್ತು ಸಾಕಾಗುತ್ತದೆ. ಕಾರವಾರ, ಅಂಕೋಲಾ, ಭಟ್ಕಳದಿಂದ ದಿನಗಟ್ಟಲೆ ಸಮುದ್ರಕ್ಕಿಳಿಯುವ ಮೀನುಗಾರರಿಗೆ ಅದು ಸಣ್ಣ ಅನುಕೂಲವಲ್ಲ. ಅದೇ ಗುಣ ಮೋಸವನ್ನೂ ಮಾಡುತ್ತದೆ. ಮಾತ್ರೆ ಬಿಟ್ಟ ಮೊದಲ ಎರಡು ಮೂರು ದಿನ ಏನೂ ಆಗದಿದ್ದರೆ ‘ನೋಡಿ, ಬೇಕಾಗಿಯೇ ಇರಲಿಲ್ಲ’ ಎಂಬ ಧೈರ್ಯ ಬರುತ್ತದೆ. ಆಮೇಲೆ ಬರುವ ಫಿಟ್ಸ್ ಮೊದಲಿಗಿಂತ ಕಠಿಣವಾಗಿರಬಹುದು, ಒಂದರ ಹಿಂದೊಂದು ಬರಬಹುದು. ಐದು ನಿಮಿಷ ದಾಟಿಯೂ ನಿಲ್ಲದ ಫಿಟ್ಸ್ ಜೀವಕ್ಕೇ ಅಪಾಯ.

ಅದು ಎಲ್ಲಿ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಮೂರ್ಛೆ ರೋಗವಿರುವವರು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಉಳಿದವರಿಗಿಂತ ಹದಿನೈದರಿಂದ ಹತ್ತೊಂಬತ್ತು ಪಟ್ಟು ಹೆಚ್ಚೆಂದು ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ದೋಣಿಯ ಅಂಚಿನಲ್ಲಿ ಬಲೆ ಎಳೆಯುವವನು, ಅಘನಾಶಿನಿ ಹೊಳೆಯ ಗಜನಿಯಲ್ಲಿ, ಎಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಸೊಂಟ ಮಟ್ಟದ ನೀರಿನಲ್ಲಿ ಚಿಪ್ಪು ಹೆಕ್ಕುವ ಹೆಂಗಸು, ಶಿರಸಿ ಸಿದ್ದಾಪುರದ ತೋಟದಲ್ಲಿ ಕೊನೆ ಇಳಿಸಲು ಅಡಿಕೆ ಮರದ ತುದಿಯಲ್ಲಿರುವ ಕೊನೆಗೌಡ, ಇವರಿಗೆ ಒಂದೇ ಒಂದು ಫಿಟ್ಸ್ ಸಾಕು. ಫಿಟ್ಸ್ ಹತೋಟಿಗೆ ಬಾರದವರು ಇಂಥ ಕೆಲಸಕ್ಕೆ ಹೋಗಲೇಬಾರದು. ಮಾತ್ರೆಯಿಂದ ವರ್ಷಗಟ್ಟಲೆ ಹತೋಟಿಯಲ್ಲಿರುವವರು ಮಾತ್ರೆ ಬಿಟ್ಟರೆ ಮೊದಲಿನ ಸ್ಥಿತಿಗೇ ಮರಳುತ್ತಾರೆ. ಹತ್ತು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಬರಬಹುದಾದ ತೊಂದರೆಯನ್ನು ತಪ್ಪಿಸಲು ಹೋಗಿ ಈ ವಾರವೇ ಬರಬಹುದಾದ ಸಾವನ್ನು ಕರೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಬರುವುದಿಲ್ಲ.

ಹಾಗಾದರೆ ಈ ಸಂಶೋಧನೆಯಿಂದ ನಮಗೆ ಉಪಯೋಗವೇ ಇಲ್ಲವೇ? ಇದೆ. ಅದು ಇರುವುದು ಶೀರ್ಷಿಕೆಗಳು ತೋರಿಸುವ ಜಾಗದಲ್ಲಲ್ಲ. ಯಕೃತ್ತಿನ ಕಿಣ್ವಗಳು ಚುರುಕಾದಾಗ ಒಡೆದುಹೋಗುವುದು ಈ ಒಂದೇ ಔಷಧವಲ್ಲ. ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್, ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮತ್ತು ಹೊಸ ಬಗೆಯ ಹಲವು ಮಾತ್ರೆಗಳು, ಗರ್ಭನಿರೋಧಕ ಮಾತ್ರೆಗಳು, ಇವೆಲ್ಲ ಫಿನೋಬಾರ್ಬಿಟೋನ್ ಇರುವ ದೇಹದಲ್ಲಿ ಬೇಗ ಕರಗಿಹೋಗುತ್ತವೆ. ಪಾರ್ಶ್ವವಾಯು ಬಂದು, ಅದರಿಂದ ಫಿಟ್ಸ್ ಶುರುವಾಗಿ, ಎರಡಕ್ಕೂ ಮಾತ್ರೆ ನುಂಗುವ ವ್ಯಕ್ತಿಯನ್ನು ನೆನೆಯಿರಿ. ಫಿಟ್ಸ್ ಮಾತ್ರೆ ಅವರ ನಾಳಗಳನ್ನು ನೇರವಾಗಿ ಕೆಡಿಸದಿದ್ದರೂ, ನಾಳಗಳನ್ನು ಕಾಯಬೇಕಾದ ಮಾತ್ರೆಗಳ ಬಲವನ್ನು ಕುಗ್ಗಿಸುತ್ತಿರಬಹುದು. ತಿರುಗಿ ನೋಡಿದರೆ, ವಾರ್ಫರಿನ್ ಹೊಂದಿಸಿಕೊಂಡ ರೋಗಿ ಫಿನೋಬಾರ್ಬಿಟೋನ್ ಬಿಟ್ಟರೆ ವಾರ್ಫರಿನ್‌ನ ಪ್ರಭಾವ ಕೆಲವು ವಾರಗಳಲ್ಲಿ ಏರಿ ರಕ್ತಸ್ರಾವವಾಗಬಹುದು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ರೋಗಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಅದನ್ನು ಹೇಳುವವರೇ ಕಡಿಮೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದು ಇನ್ನೂ ಹೆಚ್ಚು ಮುಖ್ಯವಾಗುವುದಕ್ಕೆ ಕಾರಣವಿದೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ದೊಡ್ಡ ಕಾಯಿಲೆಗೆ ಹುಬ್ಬಳ್ಳಿ ಧಾರವಾಡಕ್ಕೆ ಹೋಗುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಮಂಗಳೂರಿಗೆ. ಕಾರವಾರದವರು ಗಡಿ ದಾಟಿ ಗೋವೆಯ ಬಾಂಬೋಳಿಗೆ. ಒಬ್ಬರೇ ರೋಗಿ ಫಿಟ್ಸ್‌ಗೆ ಧಾರವಾಡದ ಚೀಟಿ, ಹೃದಯಕ್ಕೆ ಮಣಿಪಾಲದ ಚೀಟಿ, ಜ್ವರ ನೆಗಡಿಗೆ ಊರ ವೈದ್ಯರ ಚೀಟಿ ಇಟ್ಟುಕೊಂಡಿರುವುದು ಇಲ್ಲಿ ಸಾಮಾನ್ಯ. ಮೂರೂ ಕಡತಗಳು ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ. ಫಿಟ್ಸ್ ಮಾತ್ರೆ ಶುರುವಾಗಿ ಇಪ್ಪತ್ತು ವರ್ಷವಾಗಿರುತ್ತದೆ, ಅದು ಅಕ್ಕಿ ಬೇಳೆಯ ಹಾಗೆ ಮನೆಯ ಸಾಮಾನಾಗಿ ಹೋಗಿರುತ್ತದೆ. ‘ಬೇರೆ ಏನಾದರೂ ಮಾತ್ರೆ ತಗೋತೀರಾ?’ ಎಂದು ಹೃದಯದ ವೈದ್ಯರು ಕೇಳಿದಾಗ ಅದು ನೆನಪಿಗೇ ಬರುವುದಿಲ್ಲ. ಕೆಲವರು ಮೂರ್ಛೆ ರೋಗವೆಂದು ಹೇಳಿಕೊಳ್ಳಲು ನಾಚಿ ಮುಚ್ಚಿಡುತ್ತಾರೆ, ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಂತೂ ಕೇಳುವುದೇ ಬೇಡ. ಆ ನಾಚಿಕೆಯನ್ನು ರೋಗಿಯ ಮೇಲೆ ಹೇರಿದವರು ನಾವೇ.

ಆದ್ದರಿಂದ ಮುಂದಿನ ಸಲ ಯಾವ ವೈದ್ಯರ ಬಳಿ ಹೋದರೂ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿ ಔಷಧವಿದ್ದರೆ ಅದನ್ನೂ. ಹಲವು ವರ್ಷಗಳಿಂದ ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿರುವವರು ಕೊಲೆಸ್ಟರಾಲ್, ಬಿ.ಪಿ., ಸಕ್ಕರೆ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಎಲುಬು ಸವೆಯುವ ಸಂಭವವೂ ಇರುವುದರಿಂದ ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಬೇಕು. ಕೊರಳಿನ ಡಾಪ್ಲರ್ ಸ್ಕ್ಯಾನ್‌ಗೆ ಓಡಬೇಕಾಗಿಲ್ಲ. ಯಾವ ಲಕ್ಷಣವೂ ಇಲ್ಲದ ಸಾಮಾನ್ಯ ಜನರಿಗೆ ಈ ಸ್ಕ್ಯಾನ್ ಮಾಡುತ್ತ ಹೋಗುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ಅಮೆರಿಕದ ತಜ್ಞರ ಕಾರ್ಯಪಡೆ 2021ರಲ್ಲಿ ಮತ್ತೊಮ್ಮೆ ಹೇಳಿದೆ. ಆ ಹಣವನ್ನು ಪ್ಯಾಕೇಜ್ ತಪಾಸಣೆಗೆ ಸುರಿಯುವ ಬದಲು ಬೀಡಿ ಬಿಡುವುದು, ಕವಳದಲ್ಲಿ ತಂಬಾಕು ಹಾಕದಿರುವುದು, ಒಣಮೀನು ಮತ್ತು ಮಿಡಿ ಉಪ್ಪಿನಕಾಯಿಯ ಉಪ್ಪನ್ನು ಹಿಡಿತದಲ್ಲಿಡುವುದು ಕೊರಳಿನ ನಾಳಕ್ಕೆ ಹೆಚ್ಚು ಹಿತ. ತಂಬಾಕು, ಬಿ.ಪಿ., ಸಕ್ಕರೆ ಕಾಯಿಲೆಗಳು ರಕ್ತನಾಳಕ್ಕೆ ಮಾಡುವ ಕೇಡಿನ ಬಗ್ಗೆ ಸಾಕ್ಷ್ಯ ತೆಳುವಾಗಿಲ್ಲ.

ಸ್ಕ್ಯಾನ್ ಬೇಕಾಗುವುದು ಲಕ್ಷಣ ಕಂಡಾಗ. ಒಂದು ಕಣ್ಣಿಗೆ ಪರದೆ ಇಳಿದ ಹಾಗಾಗಿ ಕೆಲವು ನಿಮಿಷದಲ್ಲಿ ಸರಿಹೋಗುವುದು, ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈಯ ಬಲ ಹೋಗುವುದು, ಮಾತು ತೊದಲುವುದು. ತಾನಾಗಿ ಸರಿಹೋಯಿತೆಂದು ಮನೆಯಲ್ಲೇ ಕುಳಿತುಕೊಳ್ಳುವುದು ತಪ್ಪು, ಅದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆ ಆಗಿರಬಹುದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಮಿದುಳಿನ ಸಿ.ಟಿ. ಸ್ಕ್ಯಾನ್ ಆಗಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಕಾರವಾರದಿಂದ ಮಣಿಪಾಲಕ್ಕೆ ಇನ್ನೂರರ ಹತ್ತಿರ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಅದಕ್ಕೆ ಎರಡು ವರ್ಷ ಮೊದಲು, 2022ರ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಇನ್ನೊಂದು ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಜೋರಾಗಿ ಎದ್ದಿತು.

ಆ ಬೇಡಿಕೆ ನ್ಯಾಯವಾದದ್ದು. ಆದರೆ ಮೂರ್ಛೆ ರೋಗಿಗಳ ಮಟ್ಟಿಗೆ ದೊಡ್ಡ ಕಟ್ಟಡ ಏಳುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವಿದೆ. ಕಿಣ್ವಗಳನ್ನು ಕೆಣಕದ ಲೆವೆಟಿರಾಸಿಟಾಮ್ ಮಾತ್ರೆ ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿಯೇ ಇದೆ. ಅದು ಎಲ್ಲರಿಗೂ ಹೊಂದುವುದಿಲ್ಲ, ಕೆಲವರಲ್ಲಿ ಸಿಟ್ಟು, ಖಿನ್ನತೆ ತರುತ್ತದೆ. ವರ್ಷಗಟ್ಟಲೆ ಒಂದೂ ಫಿಟ್ಸ್ ಬಾರದೆ ಗಾರ್ಡೆನಾಲ್‌ನಲ್ಲಿ ನೆಮ್ಮದಿಯಾಗಿರುವವರನ್ನು ಬದಲಾಯಿಸಲೇಬೇಕೆಂದೂ ಇಲ್ಲ. ಆದರೆ ಪಾರ್ಶ್ವವಾಯು ಆದವರು, ಹೃದಯದ ಮಾತ್ರೆ ನುಂಗುವವರು, ಹೊಸದಾಗಿ ಫಿಟ್ಸ್ ಕಂಡ ಹಿರಿಯರು, ಇವರಿಗಾದರೂ ಬೇರೆ ಔಷಧದ ಆಯ್ಕೆ ಇರಬೇಕು. ಬದಲಾಯಿಸುವುದೂ ವಾರಗಳ, ಕೆಲವೊಮ್ಮೆ ತಿಂಗಳುಗಳ ಕೆಲಸ. ಹೊಸದನ್ನು ಏರಿಸುತ್ತ ಹಳೆಯದನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕು, ಅಷ್ಟು ದಿನ ರೋಗಿಯನ್ನು ಹತ್ತಿರದಿಂದ ನೋಡುವ ವೈದ್ಯರು ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಕುಳಿತುಕೊಳ್ಳುವ ಏರ್ಪಾಡು ಆಗಲೇ ಇದೆ, ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜೂ ಇದೆ. ಆ ಮಂಗಳವಾರದ ಮೇಜಿನ ಮೇಲೆ ರೋಗಿಯ ಮೂರೂ ಊರಿನ ಚೀಟಿಗಳು ಒಟ್ಟಿಗೆ ಬರಬೇಕು. ಬದಲಾವಣೆ ಬೇಕೆನಿಸಿದರೆ ದೂರದ ನರರೋಗ ತಜ್ಞರನ್ನು ಫೋನಿನಲ್ಲಿಯೇ ಕೇಳಿ ತೀರ್ಮಾನಿಸುವಂತಾಗಬೇಕು. ಬರೆದುಕೊಟ್ಟ ಮಾತ್ರೆ ಅದೇ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ತಿಂಗಳು ತಪ್ಪದೆ ಸಿಗಬೇಕು. ಶಾಸಕರ ಮುಂದೆ, ಆರೋಗ್ಯ ಇಲಾಖೆಯ ಮುಂದೆ ಕೇಳುವಾಗ ಈ ಮೂರನ್ನು ಹೆಸರಿಟ್ಟು ಕೇಳೋಣ.